ಆಸರಿಗೆ ಬೇಡವಾದ ನೀರು

ನಾಗೇಂದ್ರ ಡಾಕ್ಟರರಿಗೆ ನಾನೆಂದರೆ ಆಗುವುದಿಲ್ಲ. ನನಗಂತೂ ಅವರ ಮುಖ ಕಂಡರೇ ಮೈ ಉರಿಯುತ್ತದೆ. ಸಾಗರದ ಈ ಆಸ್ಪತ್ರೆ ಅವರದ್ದು. ಆಪರೇಷನ್ ಥಿಯೇಟರಿನ ನರ್ಸು ನಾನು, ಮಂಜುಶ್ರೀ.

ಆಪರೇಷನ್ ಆದವರ ಗಾಯ ಕೀವಾಗುತ್ತಿತ್ತು. ಹೊಟ್ಟೆಯೊಳಗೆ ಇಳಿಸುವ ಸ್ಕೋಪನ್ನು ಕೊನೆಗೆ ತೊಳೆಯುವ ನೀರಿನ ಮೇಲೇ ನನಗೆ ಅನುಮಾನ. ಹಟ ಹಿಡಿದು ಲ್ಯಾಬಿಗೆ ಕಳಿಸಿದೆ. ಬ್ಯಾಕ್ಟೀರಿಯಾ ಇದೆ ಎಂದು ವರದಿ ಬಂತು.

"ಲ್ಯಾಬಿನವ್ರಿಗೆ ತಲೆ ಕೆಟ್ಟಿದೆ. ಇನ್ನೊಂದ್ಸಲ ಕಳ್ಸು," ಎಂದರು ಡಾಕ್ಟರು.

ಕಳಿಸುವ ದಿನ ಆ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿಸಿದ್ದು ಇದೇ ಮಹಾನುಭಾವರು! ಲ್ಯಾಬಿನವರೇನು ದಡ್ಡರೇ? ಬ್ಲೀಚಿನ ಶಕ್ತಿ ಮುರಿಯುವ ಪುಡಿಯನ್ನು ಬಾಟಲಿಯ ತಳದಲ್ಲಿ ಹಾಕಿಯೇ ಕೊಡುತ್ತಾರೆ. ಆದರೆ ನಮ್ಮ ಆಯಾ ಮೂಕಮ್ಮ ಯಾವ ಪಾತ್ರೆಯನ್ನೂ ಗಲಬರಿಸದೆ ನೀರು ಹಿಡಿದವಳಲ್ಲ. ಪುಡಿಯನ್ನು ಕೊಳೆ ಎಂದುಕೊಂಡು, ಬಾಟಲಿ ತೊಳೆದು ನೀರು ತುಂಬಿಕೊಟ್ಟಳು ಪುಣ್ಯಾತ್ಗಿತ್ತಿ. ಲ್ಯಾಬು ಮುಟ್ಟುವಷ್ಟರಲ್ಲಿ ಬಾಟಲಿಯೊಳಗಿನ ಬ್ಲೀಚು ಬ್ಯಾಕ್ಟೀರಿಯಾವನ್ನೆಲ್ಲ ಕೊಂದು, ನೀರು ಶುದ್ಧ ಎಂದು ವರದಿ ಬಂತು. ನಾನು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ.

ಇವತ್ತು ತುಮರಿಯ ಕೆರಿಯಮ್ಮನ ಸರದಿ. ಪಿತ್ತಕೋಶದಲ್ಲಿ ಕಲ್ಲು. ಡಾಕ್ಟರು ವಾರ್ಡಿಗೆ ಬಂದರು.

"ಆ ನೀರಲ್ಲಿ ತೊಳೆದ ಸ್ಕೋಪು ನಾನು ಕೊಡಲ್ಲ ಸಾರ್."

"ಕೊಡದಿದ್ರೆ ಮನೆಗೆ ಹೋಗು. ನೀರು ಕ್ಲೀನಾಗಿದೆ ಅಂತ ರಿಪೋರ್ಟೇ ಇದೆ."

ನನಗೆ ತಡೆಯಲಾಗಲಿಲ್ಲ. ಥಿಯೇಟರಿನಲ್ಲಿ ಸ್ಕೋಪು ತೊಳೆಯುವ ನಲ್ಲಿಯಿಂದ ಒಂದು ಲೋಟ ನೀರು, ಮೂಕಮ್ಮನ ಡಬ್ಬಿಯಿಂದ ಒಂದು ಚೂರು ಬೆಲ್ಲ ತಂದು ಅವರ ಮುಂದೆ ಹಿಡಿದೆ.

"ಆಸರಿಗೆ ತಗೊಳ್ಳಿ ಸಾರ್. ನಿಮ್ಮ ಕ್ಲೀನು ನೀರೇ."

ಅವರೂ ಮಲೆನಾಡಿನ ನಿಟ್ಟೂರಿನವರು. ಬಾಯಾರಿಕೆಗೆಂದು ಕೊಟ್ಟ ಬೆಲ್ಲ-ನೀರು ಬೇಡವೆಂದರೆ ಕೊಟ್ಟವರ ಮುಖಕ್ಕೆ ಉಗಿದ ಹಾಗೆ ಎಂದು ಗೊತ್ತಿಲ್ಲದವರಲ್ಲ. ಲೋಟ ತೆಗೆದುಕೊಂಡರು. ಬಾಯಿಯ ತನಕ ತಂದರು. ಕೆರಿಯಮ್ಮ ಎವೆಯಿಕ್ಕದೆ ನೋಡುತ್ತಿದ್ದಳು. ಲೋಟ ಕೆಳಗಿಟ್ಟರು.

"ಅದು ಕುಡಿಯೋ ನೀರಲ್ಲ," ಎಂದು ಗೊಣಗಿದರು.

ಕೆರಿಯಮ್ಮ ಮಂಚದಿಂದ ಇಳಿದು ಬಟ್ಟೆಯ ಗಂಟು ಎತ್ತಿಕೊಂಡಳು.

"ನಿಮ್ಮ ಬಾಯಿಗೆ ಆಗ್ದಿದ್ ನೀರು ನನ್ನ ಹೊಟ್ಟೆಗೆ ಆಗ್ತದಾ ಡಾಕ್ಟ್ರೇ? ಎಂತ ಮನುಷ್ಯರು ಮಾರಾಯ್ರೇ ನೀವು! ಕಲ್ಲು ಬೇರೆ ಕಡೆ ತೆಗೆಸ್ಕಳ್ತೀನಿ."

"ನಿನ್ನ ಕೆಲ್ಸ ಇವತ್ತಿಗೇ ಮುಗೀತು!" ಡಾಕ್ಟರು ನನ್ನ ಮೇಲೆ ಕಿರುಚಿದರು.

"ಮುಗೀಲಿ. ಮೊದ್ಲು ಆ ಟ್ಯಾಂಕ್ ಖಾಲಿ ಮಾಡ್ಸಿ."

ಪಕ್ಕದ ಮಂಚದವಳೂ ಬಗ್ಗಿ ಚಪ್ಪಲಿ ಹುಡುಕತೊಡಗಿದಳು.