ಮಂಚದಡಿಯ ಟೈರುಗಳು

ಇದು ಕಟ್ಟಿದ ಕಥೆಯಲ್ಲ. ಟೈಲರನ ಮನೆಯಲ್ಲಿ ನಡೆದದ್ದಾದರೂ ಹೊಲಿದ ಕಥೆಯೂ ಅಲ್ಲ.

ಮಳೆ ಶುರುವಾಗುವ ಮೊದಲೇ ಟೈಲರ್ ಬೈಕಿಗೆ ಎರಡು ಹೊಸ ಟೈರು ತಂದ. ಹಳೆಯವುಗಳ ಪಟ್ಟೆ ಇನ್ನೂ ಸವೆದಿರಲಿಲ್ಲ, ನಿಜ. ಆದರೆ ಪಕ್ಕದಲ್ಲೆಲ್ಲ ಕೂದಲೆಳೆಯಂಥ ಬಿರುಕು. ರಬ್ಬರು ಹಳೇ ಚಪ್ಪಲಿಯ ಅಟ್ಟೆಯಂತೆ ಗಡುಸು. ಹೋದ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಅವು ಜಾರಿ, ಗಂಡ ಹೆಂಡತಿ ಇಬ್ಬರೂ ರಸ್ತೆಗೆ ಬಿದ್ದಿದ್ದರು. ಅವಳ ಮೊಣಕೈ ತರಚಿದ್ದು ವಾಸಿಯಾಯಿತು. ಬೈಕನ್ನು ಮಾತ್ರ ಅವಳು ಆಮೇಲೆ ಹತ್ತಲಿಲ್ಲ. ಒಂದೇ ಮದುವೆಗೆ ಹೊರಟರೂ ಅವನು ಬೈಕಿನಲ್ಲಿ, ಅವಳು ಬಸ್ಸಿನಲ್ಲಿ. ಯಾರಾದರೂ ಕೇಳಿದರೆ "ಬಸ್ಸಲ್ಲಿ ಕಿಟಕಿ ಇರುತ್ತೆ" ಎನ್ನುತ್ತಿದ್ದಳು. ಅವಳು ಮತ್ತೆ ತನ್ನ ಹಿಂದೆ ಕೂರಬೇಕು. ಟೈಲರನ ಆಸೆಯೆಲ್ಲ ಅದೊಂದೇ.

ಟೈರು ಬಂತು, ಬೈಕು ಬರಲಿಲ್ಲ. ಅದು ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಮೆಕ್ಯಾನಿಕ್ಕಿನ ಬಾಯಲ್ಲಿ ಇದ್ದದ್ದು ಒಂದೇ ಮಾತು: "ನಾಳೆ ಬನ್ನಿ ಸಾರ್."

ಅಲ್ಲಿಯವರೆಗೆ ಟೈರುಗಳನ್ನು ಕಾಯಬೇಕಲ್ಲ! ಮಾತಿಗೊಮ್ಮೆ ಗಂಟಲು ಕೆರೆಯುವ ಟೈರಂಗಡಿಯವರು ತಾಕೀತು ಮಾಡಿ ಕಳಿಸಿದ್ದರು: "ಹ್ಹೂಂ... ಬಿಸಿಲು ತಾಗಬಾರದು. ಎಣ್ಣೆ ಸೋಕಬಾರದು. ಮೊಳೆಗೆ ನೇತು ಹಾಕಬೇಡಿ. ಕರೆಂಟ್ ಮೋಟಾರ್ ಓಡೋ ಕಡೆ ಇಡಲೇಬೇಡಿ, ಅದರ ಗಾಳಿಗೆ ರಬ್ಬರ್ ಬಿರಿಯುತ್ತೆ, ಹ್ಹೂಂ."

ಮುಂದಿನ ಕೋಣೆ ತುಂಬ ಹೊಲಿಗೆ ಮೋಟಾರು. ಅಡುಗೆಮನೆಯಲ್ಲಿ ಎಣ್ಣೆ, ಜೊತೆಗೆ ಫ್ರಿಜ್ಜು. ಹಿತ್ತಲಲ್ಲಿ ಬಿಸಿಲು. ಉಳಿದದ್ದು ಮಂಚದ ಕೆಳಗಿನ ಕತ್ತಲು. ಟೈಲರ್ ಟೈರಿನ ಸುತ್ತಳತೆ ತೆಗೆದು, ಕಪ್ಪು ಬಟ್ಟೆಯಲ್ಲಿ ಎರಡು ಚೀಲ ಹೊಲಿದು, ಅಲ್ಲಿ ಮಲಗಿಸಿದ. ಆದರೂ ಜೀವ ತಡೆಯದು. ಶರ್ಟಿಗೆ ಕಾಲರ್ ಕೂಡಿಸುತ್ತಿದ್ದವನು ಅರ್ಧಕ್ಕೇ ಎದ್ದು ಮಂಚದಡಿ ಬಗ್ಗಿ ನೋಡುವನು. ಅದೇ ಗಡಿಬಿಡಿಯಲ್ಲಿ ಗಿರಾಕಿಯೊಬ್ಬರ ಪ್ಯಾಂಟಿಗೆ ಎಡಗಡೆಯೇ ಎರಡು ಜೇಬು ಬಂದವು.

"ಭಾವ, ಮಗು ಮಲಗಿದೆಯಾ?" ಎಂದು ಕೆಣಕಿದ ಹೆಂಡತಿಯ ತಮ್ಮ. ಅವನಿಗೆ ಗಿಳಿ ಎಂದೇ ಅಡ್ಡಹೆಸರು. ಯಾರ ದನಿಯಾದರೂ ಸರಿ, ಒಮ್ಮೆ ಕೇಳಿದರೆ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದ. ಟೈರು ತರುವಾಗ ಭಾವನ ಜೊತೆ ಅಂಗಡಿಗೂ ಹೋಗಿದ್ದ.

"ನಗು, ನಗು. ಬೀಳೋದು ನಿನ್ನಕ್ಕ, ನೀನಲ್ಲ" ಎಂದ ಟೈಲರ್.

ಮಾರನೆಯ ದಿನ ಗಿಳಿ ಗೆಳೆಯನ ಫೋನಿನಿಂದ ಭಾವನಿಗೆ ಕರೆ ಮಾಡಿದ. "ಹ್ಹೂಂ... ಟೈರಂಗಡಿ. ಒಂದು ಮಾತು ಮರೆತಿದ್ದೆ. ಹಿಂದಿನ ಟೈರಿದೆಯಲ್ಲ, ಅದರ ಮೇಲೆ ದಿನಾ ಸ್ವಲ್ಪ ಹೊತ್ತು ಕೂರಬೇಕು. ನೀವಲ್ಲ, ಹಿಂದೆ ಕೂರೋರು. ಅವರ ಭಾರ ಅದಕ್ಕೆ ರೂಢಿ ಆಗಬೇಕು, ಹ್ಹೂಂ."

ಮೋಟಾರಿನ ಗಾಳಿಗೆ ರಬ್ಬರು ಬಿರಿಯುವುದನ್ನು ನಂಬಿದವನಿಗೆ ಇದೇನು ಹೆಚ್ಚು? ಟೈರು ಎಳೆದು ನಡುಮನೆಯಲ್ಲಿ ಹಾಕಿದ.

"ನಾನೇನು ಕೋಳೀನಾ, ಕಾವು ಕೊಡಕ್ಕೆ?" ಎಂದಳು ಹೆಂಡತಿ.

"ಸ್ವಲ್ಪ ಹೊತ್ತು ಕಣೇ. ಬಟನ್ ಹಾಕೋ ಕೆಲಸ ಅಲ್ಲೇ ಕೂತು ಮಾಡು."

ಗೊಣಗುತ್ತಲೇ ಕೂತಳು. ಮರುದಿನವೂ ಕೂತಳು. ಅವನು ಮಷಿನ್ ಬಿಟ್ಟು ಎದುರಿಗೆ ನೆಲದ ಮೇಲೆ ಕೂತು ಕಾಜಾ ಹೊಲಿಯತೊಡಗಿದ. ಕದದ ಸಂದಿಯಲ್ಲಿ ಗಿಳಿ ನಗು ತಡೆಯಲು ಅಂಗಿಯ ತೋಳು ಕಚ್ಚಿಕೊಂಡಿದ್ದ.

ಒಂದು ಸಂಜೆ ಅವಳು ತಲೆ ಎತ್ತದೆ ಹೇಳಿದಳು: "ಅವತ್ತು ಬಿದ್ದಾಗ ನೀವು ಮೊದಲು ಬೈಕ್ ಎತ್ತಿದ್ರಿ."

ಅವನ ಸೂಜಿ ನಿಂತಿತು. "ನಿನ್ನ ಮುಖ ನೋಡಕ್ಕೆ ಭಯ ಆಯ್ತು. ಏನಾಗಿದೆಯೋ ಅಂತ... ಕೈಗೆ ಸಿಕ್ಕಿದ್ದು ಎತ್ತಿದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಬಸ್ಸಲ್ಲಿ ಇರ್ತಿದ್ಯಲ್ಲ."

ಗಿಳಿಯ ಬಾಯಿಂದ ತೋಳು ಜಾರಿತು. ತಾನು ಕೇಳಬಾರದ್ದನ್ನು ಕೇಳಿದಂತಾಗಿ ಸದ್ದಿಲ್ಲದೆ ಹೊರಗೆ ಹೋದ.

ಕೊನೆಗೂ ಬೈಕು ಬಂತು. ಮೂವರೂ ಟೈರಂಗಡಿಗೆ ಹೋದರು; ಅವಳು ಆವತ್ತೂ ಬಸ್ಸಿನಲ್ಲೇ. ಟೈರು ಕೈಗಿಡುತ್ತ ಟೈಲರ್ ಹೆಮ್ಮೆಯಿಂದ, "ನೀವು ಹೇಳಿದ ಹಾಗೇ ದಿನಾ ಕೂರಿಸಿದೀನಿ" ಎಂದ.

"ಯಾರನ್ನ?"

"ಇವಳನ್ನ. ಟೈರ್ ಮೇಲೆ."

ಅಂಗಡಿಯವರು ಗಂಟಲು ಕೆರೆಯುವುದನ್ನೇ ಮರೆತರು. "ಟೈರ್ ಮೇಲೆ ಯಾರಾದ್ರೂ ಕೂರ್ತಾರೇನ್ರೀ? ಭಾರ ಬಿದ್ರೆ ಪಕ್ಕ ಸೊಟ್ಟ ಆಗುತ್ತೆ! ಯಾರು ಹೇಳಿದ್ದು?"

ಗಿಳಿ ಮೆಲ್ಲಗೆ ಬಾಗಿಲ ಕಡೆ ಸರಿದ. ಟೈರು ಕೆಟ್ಟಿದ್ದರೆ ಅಕ್ಕ ಈ ಜನ್ಮದಲ್ಲಿ ಬೈಕು ಹತ್ತುವವಳಲ್ಲ. ಅಂಗಡಿಯವರು ಅಂಚು ತಡವಿದರು, ಒಳಗೆ ಕೈಯಾಡಿಸಿದರು, ಚಕ್ರಕ್ಕೆ ಹಾಕಿ ಗಾಳಿ ತುಂಬಿ ತಿರುಗಿಸಿದರು. ಮೂವರ ಕಣ್ಣೂ ಅದರ ಜೊತೆ ಸುತ್ತಿದವು. ಓಲಾಡಲಿಲ್ಲ. ಅದನ್ನೂ ಮುಂದಿನದನ್ನೂ ಬೈಕಿಗೆ ಕೂಡಿಸಿ ಅಂಗಡಿಯವರು ಕೈ ಒರೆಸಿಕೊಂಡರು.

"ಬಚಾವ್, ಏನೂ ಆಗಿಲ್ಲ. ಹ್ಹೂಂ. ಹೊಸದು, ಮೊದಮೊದಲು ಜಾರುತ್ತೆ. ನಿಧಾನ ಹೋಗಿ."

ಆ "ಹ್ಹೂಂ" ಕಿವಿಗೆ ಬಿದ್ದದ್ದೇ ತಡ, ಅಕ್ಕ ತಮ್ಮನ ಕಡೆ ತಿರುಗಿದಳು. "ಗಿಳೀ!"

"ಅಕ್ಕಾ, ತಮಾಷೆಗೆ..."

ಅವಳ ಕೈ ಅವನ ಕಿವಿಗೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಗೊರ್ರೆಂದು ಸದ್ದು. ಟೈಲರ್ ಹೊಟ್ಟೆ ಹಿಡಿದುಕೊಂಡು ಟೈರುಗಳ ರಾಶಿಗೆ ಒರಗಿ ನಗುತ್ತಿದ್ದ. "ಒಂದು ವರ್ಷ ಕರೆದೆ, ಕೂರ್ಲಿಲ್ಲ... ಇವನು ಒಂದು ಫೋನಿಗೆ ಕೂರಿಸ್ಬಿಟ್ಟ!"

ಅಂಗಡಿಯವರು ನಕ್ಕರು, ಗಿಳಿ ಹೆದರುತ್ತಲೇ ನಕ್ಕ. ಅವಳು ಸೆರಗು ಸಿಕ್ಕಿಸಿಕೊಂಡು ಬೈಕಿನ ಹಿಂದಿನ ಸೀಟಿನಲ್ಲಿ ಕೂತಳು.

"ನಕ್ಕಿದ್ದು ಸಾಕು, ನಡೀರಿ. ನಿಧಾನ."

ಟೈಲರ್ ಹ್ಯಾಂಡಲ್ ಹಿಡಿದ. ನಗು ಕುಲುಕಿಸುತ್ತಿತ್ತು, ಕಿಕ್ಕರ್ ಮೇಲೆ ಕಾಲೇ ನಿಲ್ಲಲಿಲ್ಲ.