ಶರಣವ್ವ ಲೇಸರ್ ಬಗ್ಗೆ ಕೇಳಿದ ಪ್ರಶ್ನೆ

ನಾಗಸಂದ್ರದ ಶರಣವ್ವನಿಗೆ ತಲೆನೋವು ಮತ್ತೆ ಶುರುವಾಗಿತ್ತು. ಬೆಳಿಗ್ಗೆ ಏಳುತ್ತಲೇ ನೋವು, ಜೊತೆಗೆ ವಾಂತಿ. ಮೂರು ವರ್ಷದ ಹಿಂದೆ ಮೆದುಳಿನ ಗೆಡ್ಡೆಗೆ ಆಪರೇಷನ್ ಆಗಿತ್ತು. ಅದೇ ಜಾಗದಲ್ಲಿ ಗೆಡ್ಡೆ ಮತ್ತೆ ಬೆಳೆದಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿತು.

ಸುದ್ದಿ ತಿಳಿದು ಗಂಗಾನಗರದಿಂದ ಜೈನಾಬ್ ಓಡಿ ಬಂದರು. ಅವರು ನಿವೃತ್ತ ನರ್ಸ್. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಇಬ್ಬರದೂ ಅಕ್ಕಪಕ್ಕದ ಮನೆಯಾಗಿತ್ತು.

"ಲೇಸರ್‌ನಾಗ ಗೆಡ್ಡಿ ಸುಡತಾರಂತ. ತಲಿ ಕೊಯ್ಯಂಗಿಲ್ಲ, ಮರುದಿನ ಮನಿ. ಗ್ಯಾರಂಟಿ ಅಂತ ಹೇಳ್ಯಾರ ನೋಡ್ರಿ," ಎಂದು ಶರಣವ್ವನ ಗಂಡ ಫಕೀರಪ್ಪ ಮೊಬೈಲಿನ ವಿಡಿಯೊ ತೋರಿಸಿದರು.

"ಮಾಡಿಸಿದ್ರ ಅದನ್ನ ಮಾಡಸ್ತೀನಿ. ಮತ್ತ ತಲಿ ತೆರಸಂಗಿಲ್ಲ," ಎಂದರು ಶರಣವ್ವ.

"ಲೇಸರ್ ಸುಳ್ಳಲ್ಲ ಅಕ್ಕಾ," ಎಂದರು ಜೈನಾಬ್. "ತಲೆಬುರುಡೆಗೆ ಸಣ್ಣ ತೂತು ಮಾಡಿ, ಲೇಸರ್ ಹಾಯೋ ತೆಳ್ಳಗಿನ ತಂತು ಇಳಿಸಿ, ಸ್ಕ್ಯಾನಿಂಗ್‌ನಲ್ಲಿ ನೋಡ್ತಾ ಗೆಡ್ಡೆಗೆ ಬಿಸಿ ಕೊಡ್ತಾರೆ. ಆದ್ರೆ ಗ್ಯಾರಂಟಿ ಅಂದೋರನ್ನ ನಂಬಬೇಡಿ. ಡಾಕ್ಟರನ್ನೇ ಕೇಳೋಣ."

ಮರುದಿನ ಆಸ್ಪತ್ರೆಯಲ್ಲಿ ಮೆದುಳಿನ ಸರ್ಜನ್ ಡಾಕ್ಟರ್ ರಮಾ ಮುಂದೆ ಶರಣವ್ವ ತಾವೇ ಕೇಳಿದರು: "ಲೇಸರ್ ಯಾರಿಗೆ ಗುಣ ಕೊಟ್ಟೈತ್ರಿ?"

"ಆಳದಲ್ಲಿರೋ ಸಣ್ಣ ಗೆಡ್ಡೆ, ಕೈ ಹಾಕೋಕೆ ಕಷ್ಟ ಆಗೋ ಜಾಗ, ಅಂಥ ಕೆಲವರಿಗೆ ಅನುಕೂಲ ಆಗಿದೆ ಅಮ್ಮಾ. ಆದ್ರೆ ಇಲ್ಲಿವರೆಗಿನ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವೇ ರೋಗಿಗಳನ್ನ ನೋಡಿ ಮಾಡಿದವು. ಆಪರೇಷನ್ ಜೊತೆ ನೇರವಾಗಿ ಹೋಲಿಸಿ ನೋಡಿರೋದು ಕಮ್ಮಿ. ಇದೇ ಮೇಲು ಅನ್ನೋಕೆ ಆಧಾರ ಸಾಲದು. ಬಿಸಿ ಕೊಟ್ಟ ಮೇಲೆ ಮೆದುಳು ಊದಬಹುದು, ಕೈಕಾಲಿನ ಶಕ್ತಿ ಕುಂದಬಹುದು."

"ನನಗ?"

"ನಿಮ್ಮ ಗೆಡ್ಡೆ ದೊಡ್ಡದು, ಮೇಲ್ಭಾಗದಲ್ಲೇ ಇದೆ, ಮೆದುಳನ್ನ ಒತ್ತುತ್ತಿದೆ. ಅದರ ಮೇಲೆ ಊತ ಬಂದ್ರೆ ಅಪಾಯ. ನಿಮಗೆ ಆಪರೇಷನ್ನೇ ಸರಿ."

ಫಕೀರಪ್ಪನವರಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಆಸ್ಪತ್ರೆಯಲ್ಲೂ ತೋರಿಸಿದರು. ಅಲ್ಲಿಯೂ ಅದೇ ಮಾತು. ಶರಣವ್ವ ಕೊನೆಗೆ ಆಪರೇಷನ್‌ಗೆ ಒಪ್ಪಿದರು.

ಆಪರೇಷನ್ ದಿನ ಥಿಯೇಟರ್ ಹೊರಗಿನ ಬೆಂಚಿನಲ್ಲಿ ಜೈನಾಬ್ ಶರಣವ್ವನ ಕೈ ಹಿಡಿದು ಕೂತಿದ್ದರು.

"ನೆನಪೈತೇನ? ನಿನಗ ಮುಂಜಾನೆ ಡ್ಯೂಟಿ ಇದ್ದಾಗ ನಿನ್ನ ಮಗಳ ಜಡಿ ನಾನ ಹೆಣೀತಿದ್ದೆ," ಎಂದರು ಶರಣವ್ವ.

"ಮರೆಯೋಕಾಗುತ್ತಾ ಅಕ್ಕಾ? ಬಿಸಿ ರೊಟ್ಟಿ ಕೊಟ್ಟು ಶಾಲೆಗೆ ಕಳಿಸ್ತಿದ್ರಿ. ಕಾರ್ಖಾನೆ ಸೈರನ್ ಆದ್ರೆ ಬೀದಿ ತುಂಬ ಸೈಕಲ್ಲು. ಈಗಲೂ ಅವಳಿಗೆ ನಿಮ್ಮ ರೊಟ್ಟಿದೇ ಜಪ."

ಶರಣವ್ವ ನಕ್ಕರು. ಹಾಗೆಯೇ ನಗುತ್ತ ಒಳಗೆ ಹೋದರು.

ಗೆಡ್ಡೆ ತೆಗೆದ ಮೇಲೆ ಶರಣವ್ವನ ಎಡಗೈ ಎರಡು ತಿಂಗಳು ಸೋತಿತ್ತು, ವ್ಯಾಯಾಮದಿಂದ ಸುಧಾರಿಸಿತು. ತಲೆನೋವು ನಿಂತಿತು. ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಸ್ಕ್ಯಾನಿಂಗ್‌ಗೆ ಹೋಗುತ್ತಾರೆ. "ಅವತ್ತು ಡಾಕ್ಟರನ್ನ ಕೇಳಿದ್ದು ಚಲೋ ಆತು," ಎನ್ನುತ್ತಾರೆ ಫಕೀರಪ್ಪ.

ಓದುಗರೇ, ಬೆಳಗಿನ ತಲೆನೋವಿನ ಜೊತೆ ವಾಂತಿ, ಹೊಸದಾಗಿ ಬಂದ ಫಿಟ್ಸ್, ತೊದಲುವ ಮಾತು ಕಂಡರೆ ಮಾತ್ರೆ ನುಂಗಿ ದಿನ ದೂಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಹೊಸ ಚಿಕಿತ್ಸೆ ಎಂದು ಹೆದರಬೇಡಿ, ಹೊಸದೆಂದೇ ಮರುಳಾಗಲೂಬೇಡಿ. ನನ್ನ ಗೆಡ್ಡೆಗೆ ಇದು ಹೊಂದುತ್ತದೆಯೇ, ಆಧಾರ ಎಷ್ಟಿದೆ, ಅಪಾಯವೇನು ಎಂದು ನಿಮ್ಮ ಡಾಕ್ಟರನ್ನು ಕೇಳಿ. ತಲೆ ನಿಮ್ಮದು, ಕೇಳುವ ಹಕ್ಕೂ ನಿಮ್ಮದು.