ಕೆಂಪಸಿದ್ದಯ್ಯನ ಕಂಬಳಿ

ಹಲಗೂರಿನ ಹತ್ತಿರ ಕೆಂಪಸಿದ್ದಯ್ಯನ ಮನೆಯಲ್ಲಿ ರೇಷ್ಮೆ ಹುಳುಗಳಿಗೆ ನಡುಮನೆ, ಮನುಷ್ಯರಿಗೆ ಜಗುಲಿ. ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿ ಅಲುಗದೆ ಕೂರುತ್ತದೆ. ಆ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರದ ದಿನ ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಜೋರು ಮಾತಿಲ್ಲ. ಕೆಂಪಸಿದ್ದಯ್ಯ ಹೆತ್ತವನಂತೆ ಕಾವಲು. ಸೊಸೆ ಮಲ್ಲಿಗಮ್ಮನ ಉಬ್ಬಸಕ್ಕೆ ಮಾತ್ರ ಅಲ್ಲಿ ರೋಗದ ದರ್ಜೆ ಸಿಕ್ಕಿರಲಿಲ್ಲ. ಅದು ನಾಟಕ.

ಮದುವೆಯಾಗಿ ಬರುವ ತನಕ ಕೆಮ್ಮನ್ನೂ ಕಾಣದ ಹುಡುಗಿ. ತಟ್ಟೆಗಳಿಂದ ಹುಳುವಿನ ಹಿಕ್ಕೆ, ಒಣಸೊಪ್ಪು ಬಾಚಿ ತೆಗೆಯುವ ಕೆಲಸ ಅವಳದು. ಎರಡನೇ ವರ್ಷಕ್ಕೆ ಎದೆ ಸೀಟಿ ಹೊಡೆಯತೊಡಗಿತು. ಮಾವ ಕಾರಣ ಹುಡುಕಿದ: ಬಾಳೆಹಣ್ಣು, ಮೊಸರು, ಅಮಾವಾಸ್ಯೆ, ಕೊನೆಗೆ ತವರಿನ ನೀರು. ಮನೆಗೆ ಬಂದವರೆದುರು ಕತ್ತು ಚಾಚಿ, ಕಣ್ಣು ಮೇಲೆ ಸಿಕ್ಕಿಸಿ, ಸುಂಯ್ ಸುಂಯ್ ಎಂದು ಅವಳ ಉಸಿರನ್ನು ಅಣಕಿಸುತ್ತಿದ್ದ. ಅಣಕವೂ ಕಳಪೆಯೇ. ಉಬ್ಬಸದವರಿಗೆ ಗಾಳಿ ಎಳೆಯುವುದಕ್ಕಿಂತ ಬಿಡುವುದು ಕಷ್ಟ. ಅದನ್ನು ಗಮನಿಸುವಷ್ಟೂ ಅವನು ಅವಳನ್ನು ನೋಡಿರಲಿಲ್ಲ. ಎದೆ ಉಬ್ಬಿಸಬಲ್ಲವನಿಗೆಲ್ಲ ಉಬ್ಬಸ ನಟಿಸಲು ಬರುವುದಿಲ್ಲ.

ಮಳವಳ್ಳಿಯ ಡಾಕ್ಟರು, ಹುಳುವಿನ ಧೂಳಿನಿಂದ ಇವಳನ್ನು ದೂರ ಇಡಿ ಎಂದಿದ್ದರು. ಶಿವಪುರದ ತವರಿಗೆ ಹೋದರೆ ಎರಡೇ ದಿನಕ್ಕೆ ಅವಳ ಉಸಿರು ಸಲೀಸಾಗುತ್ತಿತ್ತು. ಇದರಿಂದ ಎತ್ತಿಗೂ ಏನಾದರೂ ಹೊಳೆಯುತ್ತಿತ್ತು. ಕೆಂಪಸಿದ್ದಯ್ಯನಿಗೂ ಹೊಳೆಯಿತು: ತವರಿನಲ್ಲಿ ಕೆಲಸವಿಲ್ಲ, ಅದಕ್ಕೇ ರೋಗವಿಲ್ಲ. ಮನೆ ತುಂಬ ರೇಷ್ಮೆ, ನಯ ಮಾತ್ರ ಎಲ್ಲೂ ಇಲ್ಲ.

ಆ ಸಲ ತವರಿಗೆ ಹೋದವಳು ಹದಿನೈದು ದಿನವಾದರೂ ಬರಲಿಲ್ಲ. ನಾಟಕ ಬಯಲು ಮಾಡಿ ಕರೆತರುತ್ತೇನೆ, ಬರದಿದ್ದರೆ ಮಗನಿಗೆ ಬೇರೆ ಹೆಣ್ಣು ಎಂದು ಮಾವ ಊರಿಗೆಲ್ಲ ಸಾರಿದ. ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಒಂದು ದಿನ ಸೊಪ್ಪು ಹಾಕುವಂತಿಲ್ಲ. ಆ ಬಿಡುವಿನಲ್ಲಿ ಮಗ ಅಂಕಯ್ಯನನ್ನು ಕರೆದುಕೊಂಡು ಬಸ್ಸು ಹತ್ತಿದ. ಹೆಗಲ ಮೇಲೆ ಕಂಬಳಿ. ನಡುಮನೆಯಲ್ಲಿ ತಟ್ಟೆಗಳ ಬುಡದಲ್ಲೇ ಹಾಸಿ ಮಲಗುವ ಆ ಕಂಬಳಿ ನೀರು ಕಂಡು ಮೂರು ಬೆಳೆ ದಾಟಿತ್ತು. ಹುಳು ಇರುವಾಗ ಅದನ್ನು ಒಗೆದರೆ ಲಕ್ಷ್ಮಿ ಕೊಚ್ಚಿಹೋಗುತ್ತಾಳೆ ಎಂಬುದು ಅವನ ಶಾಸ್ತ್ರ.

ಶಿವಪುರದಲ್ಲಿ ಮಲ್ಲಿಗಮ್ಮ ಬಾವಿಯಿಂದ ಎರಡು ಕೊಡ ನೀರು ಹೊತ್ತು ಆರಾಮಾಗಿ ಬರುತ್ತಿದ್ದಳು. ಮಾವ ಒಳಗೆ ಕಂಬಳಿ ಕೊಡವಿ ಹಾಸಿ ಕೂತ. ಸೊಸೆಯನ್ನು ಎದುರಿಗೇ ಕೂರಿಸಿಕೊಂಡು ಬುದ್ಧಿವಾದ ಶುರು ಮಾಡಿದ. ಊಟದ ಹೊತ್ತಿಗೆ ಅವಳ ಎದೆ ಸೀಟಿ ಹೊಡೆಯಿತು, ತುಟಿ ಕಪ್ಪಿಟ್ಟಿತು.

ಕೆಂಪಸಿದ್ದಯ್ಯನಿಗೆ ಗೆದ್ದ ಕಳೆ. "ನೋಡ್ಕಳಿ ಬೀಗ್ರೆ. ನನ್ ಮಖ ಕಂಡೇಟ್ಗೆ ಸುರು ಅಚ್ಕಂಡ್ಲು."

ಮಗಳ ಬೆನ್ನು ನೀವಲು ಬಗ್ಗಿದ ಬೆಟ್ಟಮ್ಮನ ಮೂಗಿಗೆ ಕಂಬಳಿಯಿಂದ ಹುಳುಮನೆಯ ವಾಸನೆ ಬಡಿಯಿತು. ಅದರ ಅಂಚು ಎತ್ತಿ ಕಿಟಕಿಯ ಬಿಸಿಲಿಗೆ ಒಂದು ಸಲ ಒದರಿದಳು. ಧೂಳು ಹೊಗೆಯಂತೆ ಎದ್ದಿತು. ಬೀಗರನ್ನು ಎಬ್ಬಿಸಿ, ಕಂಬಳಿಯನ್ನು ಎಳೆದೊಯ್ದು ಬೇಲಿಯ ಮೇಲೆ ಎಸೆದು, ಮಗಳನ್ನು ಜಗುಲಿಯ ಗಾಳಿಗೆ ತಂದು ಕೂರಿಸಿದಳು. ಬಹಳ ಹೊತ್ತಿನ ಮೇಲೆ ಸೀಟಿ ಇಳಿಯಿತು.

"ನಿಮ್ ಮಖಕ್ಕೆ ಅಷ್ಟ್ ಸಕ್ತಿ ಇಲ್ಲ ಬುಡಿ ಬೀಗ್ರೆ, ಕಂಬ್ಳಿಗೈತೆ. ಆ ಹುಳ ನಡುಮನೆ ಬುಟ್ಟು ಆಚೆ ಓಗಗಂಟ ನನ್ ಮಗ್ಳು ನಿಮ್ ಒಸ್ಲು ತುಳಿಯಾಕಿಲ್ಲ."

ಹುಳುವನ್ನು ಕೊಟ್ಟಿಗೆಗೆ ಸಾಗಿಸಿದರೆ ಅಲ್ಲಿನ ಚಳಿ ಅದಕ್ಕೆ ಆಗಿಬರುವುದಿಲ್ಲ ಎಂದು ಕೆಂಪಸಿದ್ದಯ್ಯ ಗಂಭೀರವಾಗಿ ವಿವರಿಸಿದ. ಆಮೇಲೆ ಮಗನ ಕಡೆ ತಿರುಗಿದ. "ಏಳ್ಲಾ ಅಂಕ. ನಾಳೀಕೆ ಜ್ವರದಿಂದ ಏಳ್ತವೆ, ಸೊಪ್ಪು ಯಾರ್ ಆಕೋರು?"

ಅಪ್ಪನೆದುರು ಈ ತನಕ ಹೂಂ ಎಂಬುದೊಂದನ್ನೇ ಕಲಿತಿದ್ದ ಅಂಕಯ್ಯ ತನ್ನ ಅಂಗಿಯ ಕಾಲರನ್ನು ಮೂಸಿ ನೋಡಿದ. ಅದನ್ನು ಬಿಚ್ಚಿ ಬೇಲಿಗೆ, ಕಂಬಳಿಯ ಪಕ್ಕಕ್ಕೆ ಹಾಕಿದ. ಬಾವಿಗೆ ಹೋಗಿ ತಲೆಯ ಮೇಲೆ ನಾಲ್ಕು ಬಿಂದಿಗೆ ಸುರಿದುಕೊಂಡು, ಬರಿಮೈಯಲ್ಲಿ ಬಂದು ಹೆಂಡತಿಯ ಪಕ್ಕ ಕೂತ.

"ನೀನೇ ಆಕಪ್ಪ," ಎಂದ.

ಕೆಂಪಸಿದ್ದಯ್ಯ ಕಂಬಳಿ ಹೊದ್ದು ಒಬ್ಬನೇ ಬಸ್ಸು ಹತ್ತಿದ. ಮಳವಳ್ಳಿ ತಲುಪುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ಆರು ಸಲ ಸೀನಿದಳು. ಇವಳೂ ನಾಟಕದವಳೇ ಎಂದುಕೊಂಡು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ.